ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗದೆ ತೀರಿಕೊಂಡವರಿಗೆ ರಕ್ಷಣೆ ಇಲ್ವಾ?

ಮಲ್ಲಿಗೆಬಳ್ಳಿ:
ಎಲ್ಲರಿಗೂ ನಮಸ್ಕಾರ. ಸಮಾಧಾನದ ಮಾತು ಬೇಡ, ಸರಿಯಾದ ಉತ್ತರ ಬೇಕು. ಅದಕ್ಕೇ ಇಲ್ಲಿ ಕೇಳ್ತಿದ್ದೇನೆ.

ನಮ್ಮ ದೊಡ್ಡಪ್ಪ ಹಾಸನದ ಕಡೆಯ ಹಳ್ಳಿಯವರು. ದೊಡ್ಡಮ್ಮ, ಮಕ್ಕಳು ಎಲ್ಲರಿಗೂ ದೀಕ್ಷಾಸ್ನಾನ ಆಗಿದೆ. ದೊಡ್ಡಪ್ಪನಿಗೆ ಮಾತ್ರ ಆಗಿರಲಿಲ್ಲ. ನಂಬಿಕೆ ಇರಲಿಲ್ಲ ಅಂತಲ್ಲ. ಬೆಳಗ್ಗೆ ಕಾಫಿಗಿಂತ ಮುಂಚೆ ಸತ್ಯವೇದ ಓದುತ್ತಿದ್ದರು. ಭಾನುವಾರದ ಆರಾಧನೆ ತಪ್ಪಿಸುತ್ತಿರಲಿಲ್ಲ, ಕಡೇ ಬೆಂಚು ಅವರದೇ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಶುರುವಾಗುವ ಹೊತ್ತಿಗೆ ತಾವಾಗಿಯೇ ಎದ್ದು ಹೊರಗೆ ಹೋಗಿ, ಚಪ್ಪಲಿಗಳ ಪಕ್ಕದಲ್ಲಿ ನಿಂತಿರುತ್ತಿದ್ದರು.

ಊರಲ್ಲಿ ಅವರಮ್ಮ ಇದ್ದರು. ‘ಅವ್ವ ಇರೋವರೆಗೂ ಬೇಡ, ಆಮೇಲೆ ತಗೋತೀನಿ’ ಅನ್ನುತ್ತಿದ್ದರು. ಅಜ್ಜಿ ತೀರಿಕೊಂಡರು. ಈಸ್ಟರ್‌ಗೆ ದಿನ ಗೊತ್ತಾಯಿತು. ಅಷ್ಟರಲ್ಲಿ ದೊಡ್ಡಪ್ಪನಿಗೆ ಹಾರ್ಟ್ ಅಟ್ಯಾಕ್ ಆಯಿತು.

ಸಭೆಯ ಕಮಿಟಿಯವರು ‘ರಿಜಿಸ್ಟರ್‌ನಲ್ಲಿ ಹೆಸರಿಲ್ಲ, ನಮ್ಮ ಜಾಗದಲ್ಲಿ ಮಣ್ಣು ಮಾಡೋಕಾಗಲ್ಲ’ ಅಂದರು. ಕೊನೆಗೆ ಹೊಲದಲ್ಲೇ ಮಾಡಿದೆವು. ಅದು ಬಿಡಿ. ಆಮೇಲೆ ಒಬ್ಬರು ಮನೆಗೆ ಬಂದು, ದೊಡ್ಡಮ್ಮನ ಮುಂದೆಯೇ ಮಾರ್ಕ 16:16 ಓದಿ, ನಂಬಿ ದೀಕ್ಷಾಸ್ನಾನ ಮಾಡಿಸಿಕೊಂಡವರಿಗೆ ಮಾತ್ರ ರಕ್ಷಣೆ ಅಂತ ಹೇಳಿ ಹೋದರು. ಅವತ್ತಿನಿಂದ ದೊಡ್ಡಮ್ಮ ಸರಿಯಾಗಿ ಊಟ ಮಾಡ್ತಿಲ್ಲ. ನಿಮ್ಮ ನಿಮ್ಮ ಸಭೆಗಳಲ್ಲಿ ಇದಕ್ಕೆ ಏನು ಹೇಳ್ತಾರೆ? ಆಧಾರ ಕೊಟ್ಟು ಹೇಳಿ.

ಕೋಲಾರದ ಬ್ರದರ್:
ಸಿಸ್ಟರ್, ದೇವರು ನಿಮ್ಮ ದೊಡ್ಡಮ್ಮನಿಗೆ ಬಲ ಕೊಡಲಿ. ಆ ಮನುಷ್ಯ ಹಾಗೆ ಸಾವಿನ ಮನೆಯಲ್ಲಿ ಹೇಳಬಾರದಿತ್ತು. ಆದರೆ ವಚನ ವಚನವೇ.

ಪಂಚಾಶತ್ತಮ ದಿನ, ಅಂದರೆ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದ ದಿನ, ಜನ ಪೇತ್ರನನ್ನು ‘ನಾವೇನು ಮಾಡಬೇಕು’ ಅಂತ ಕೇಳಿದಾಗ ಅವನು ಹೇಳಿದ್ದು ಎರಡೇ: ಪಶ್ಚಾತ್ತಾಪಪಡಿ, ಪಾಪಪರಿಹಾರಕ್ಕಾಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳಿ (ಅಪೊಸ್ತಲರ ಕೃತ್ಯಗಳು, ಅ.ಕೃ. 2:38). ಅವತ್ತೇ ಸುಮಾರು 3000 ಜನ ತಗೊಂಡರು. ಯೇಸು ನಿಕೊದೇಮನಿಗೆ ನೀರಿನಿಂದಲೂ ಆತ್ಮದಿಂದಲೂ ಹುಟ್ಟಬೇಕು ಅಂದರು (ಯೋಹಾನ 3:5). ಫಿಲಿಪ್ಪಿಯ ಸೆರೆಮನೆ ಅಧಿಕಾರಿ ಮಧ್ಯರಾತ್ರಿಯಲ್ಲೇ ಮನೆಯವರೆಲ್ಲರ ಜೊತೆ ತಗೊಂಡ. ಇಥಿಯೋಪ್ಯದ ರಾಣಿಯ ಅಧಿಕಾರಿಯಾಗಿದ್ದ ಕಂಚುಕಿ ದಾರಿಯಲ್ಲಿ ನೀರು ಕಂಡ ಕೂಡಲೇ ರಥ ನಿಲ್ಲಿಸಿದ. ಹೊಸ ಒಡಂಬಡಿಕೆಯಲ್ಲಿ ಯಾರೂ ಈಸ್ಟರ್‌ವರೆಗೆ ಕಾದಿಲ್ಲ. ‘ಅವ್ವ ಇರೋವರೆಗೂ ಬೇಡ’ ಅಂದರೆ ಅದು ವಿಧೇಯತೆ ಅಲ್ಲ. ತಾಳಿ ಕಟ್ಟದೆ ಮದುವೆ ಆಯ್ತು ಅಂತೀವಾ?

ನಿಮ್ಮ ದೊಡ್ಡಪ್ಪನ ತೀರ್ಪು ದೇವರದು, ನನ್ನದಲ್ಲ. ಆದರೆ ಬದುಕಿರುವವರು ಇದನ್ನು ನೋಡಿ ಎಚ್ಚೆತ್ತುಕೊಳ್ಳಲಿ.

ಸಪ್ತಾಪುರದವ:
ಬ್ರದರ್ ಕೊಟ್ಟ ವಚನಗಳೆಲ್ಲ ಇವೆ, ಇಲ್ಲ ಅನ್ನೋಲ್ಲ. ನಾನು ಧಾರವಾಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದಿಂದ ಬಂದ ಮನೆತನ. ಮನೆಯಲ್ಲಿ ವೇದಪಾಠ ಜಾಸ್ತಿಯೇ ಆಗಿದೆ.

ಮೊದಲು ಮಾರ್ಕ 16:16. ಆ ಮನುಷ್ಯ ಅರ್ಧಕ್ಕೇ ನಿಲ್ಲಿಸಿದ್ದಾನೆ. ಉಳಿದರ್ಧದಲ್ಲಿ ಇರೋದು, ನಂಬದೆ ಹೋಗುವವನು ಅಪರಾಧಿ ಅಂತ. ‘ನಂಬಿ, ದೀಕ್ಷಾಸ್ನಾನ ಆಗದವನು’ ಅಂತ ಅಲ್ಲಿ ಬರೆದಿಲ್ಲ. ‘ಮಾತ್ರ’ ಅನ್ನೋದು ಆತ ಕೈಯಿಂದ ಹಾಕಿದ್ದು. ಇನ್ನೊಂದು ವಿಷಯ. ನಾಲ್ಕನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೇ ಮುಗಿಯುತ್ತದೆ. ಆದ್ದರಿಂದ ಈ ಒಂದೇ ವಚನದ ಮೇಲೆ ಒಬ್ಬರ ನಿತ್ಯತ್ವದ ಲೆಕ್ಕ ಹಾಕೋದು ಸರಿಯಲ್ಲ.

ಈಗ ಅಪೊಸ್ತಲರ ಕೃತ್ಯಗಳಿಗೇ ಬನ್ನಿ. 8ನೇ ಅಧ್ಯಾಯದಲ್ಲಿ ಮಂತ್ರವಾದಿ ಸೀಮೋನ ನಂಬಿ ದೀಕ್ಷಾಸ್ನಾನ ತಗೊಂಡ. ಸ್ವಲ್ಪ ಹೊತ್ತಿಗೇ ದುಡ್ಡು ಕೊಟ್ಟು ಪವಿತ್ರಾತ್ಮನ ಶಕ್ತಿ ಕೊಳ್ಳೋಕೆ ಹೋದ. ಪೇತ್ರ ಅವನಿಗೆ ನಿನ್ನ ಹೃದಯ ನೆಟ್ಟಗಿಲ್ಲ, ಇದರಲ್ಲಿ ನಿನಗೆ ಪಾಲಿಲ್ಲ ಅಂದ. ಮೈ ಒದ್ದೆ ಆಗಿತ್ತು, ಕೆಲಸ ಆಗಿರಲಿಲ್ಲ. 10ನೇ ಅಧ್ಯಾಯದಲ್ಲಿ ರೋಮ್ ಸೇನಾಧಿಕಾರಿ ಕೊರ್ನೇಲ್ಯನ ಮನೆ. ಪೇತ್ರ ಇನ್ನೂ ಮಾತಾಡ್ತಾ ಇದ್ದ ಹಾಗೇ ಪವಿತ್ರಾತ್ಮ ಇಳಿದುಬಂತು. ನೀರು ಆಮೇಲೆ ಬಂತು. ದೇವರು ಮೊದಲು ಒಪ್ಪಿಕೊಂಡರು, ಸಭೆ ಹಿಂದಿನಿಂದ ಒಪ್ಪಿತು.

ಹಾಗಂತ ‘ನೀರು ಬರೀ ಶಾಸ್ತ್ರಕ್ಕೆ’ ಅನ್ನೋ ನಮ್ಮ ಕಡೆಯವರಿಗೂ ಒಂದು ಮಾತು. ಕೊರ್ನೇಲ್ಯನಿಗೆ ಆತ್ಮ ಬಂದಾಯ್ತು, ಇನ್ನು ನೀರು ಯಾಕೆ ಅಂತ ಪೇತ್ರ ಹೇಳಲಿಲ್ಲ. ನೀರು ತನ್ನಿ ಅಂದ. 1 ಪೇತ್ರ 3:21ರಲ್ಲಿ ದೀಕ್ಷಾಸ್ನಾನ ನಿಮ್ಮನ್ನು ರಕ್ಷಿಸುತ್ತದೆ ಅಂತಲೇ ಇದೆ. ಮೈಕೊಳೆ ತೊಳೆಯೋದರಿಂದ ಅಲ್ಲ, ಒಳ್ಳೆ ಮನಸ್ಸಾಕ್ಷಿಗಾಗಿ ದೇವರನ್ನು ಬೇಡಿಕೊಳ್ಳೋದರಿಂದ, ಯೇಸುವಿನ ಪುನರುತ್ಥಾನದ ಮೂಲಕ ಅಂತ ಅಲ್ಲೇ ಬಿಡಿಸಿ ಹೇಳಿದೆ. ಮಲ್ಲಿಗೆಬಳ್ಳಿ ಅವರೇ, ನಿಮ್ಮ ದೊಡ್ಡಪ್ಪ ಬೇಡಿಕೊಂಡಿರಲಿಲ್ಲವೇ?

ಕಡಲತಡಿ:
ಮಂಗಳೂರಿನ ಕಥೋಲಿಕ. ನಮ್ಮಲ್ಲಿ ದೀಕ್ಷಾಸ್ನಾನ ಬರೀ ಗುರುತಲ್ಲ, ಸಂಸ್ಕಾರ. ಜನ್ಮಪಾಪ ಕಳೆದು ಹೊಸ ಜೀವ ಕೊಡುತ್ತದೆ ಅಂತ ನಂಬುತ್ತೇವೆ. ರಕ್ಷಣೆಗೆ ಅದು ಬೇಕು ಅಂತ ನಮ್ಮ ಬಿಷಪ್ಪರ ಟ್ರೆಂಟ್ ಮಹಾಸಭೆ 1547ರಲ್ಲಿ ಗಟ್ಟಿಯಾಗಿ ಹೇಳಿತು. ಕಥೋಲಿಕರೇ ಎಲ್ಲರಿಗಿಂತ ಬಿಗಿ ಅಂದ್ಕೊಳ್ಳೋರು ಇಲ್ಲೇ ಎಡವೋದು. ಅದೇ ಟ್ರೆಂಟ್, ಅದೇ ವರ್ಷ, ನೀತಿವಂತರಾಗೋಕೆ ದೀಕ್ಷಾಸ್ನಾನ ‘ಅಥವಾ ಅದರ ಬಯಕೆ’ ಬೇಕು ಅಂತಲೂ ಬರೆಯಿತು.

ನಿಮ್ಮ ದೊಡ್ಡಪ್ಪನ ಕಥೆ ಓದಿದಾಗ ನನಗೆ ನೆನಪಾಗಿದ್ದು ರೋಮ್ ಚಕ್ರವರ್ತಿ ಎರಡನೇ ವ್ಯಾಲೆಂಟಿನಿಯನ್. ಇಪ್ಪತ್ತರ ಆಸುಪಾಸಿನ ಹುಡುಗ. ದೀಕ್ಷಾಸ್ನಾನ ಕೊಡೋಕೆ ಬನ್ನಿ ಅಂತ ಮಿಲಾನ್‌ನ ಬಿಷಪ್ ಆಂಬ್ರೋಸರಿಗೆ ಹೇಳಿಕಳಿಸಿದ್ದ. ಅವರು ಬಂದು ಮುಟ್ಟುವ ಮೊದಲೇ 392ರಲ್ಲಿ ಸತ್ತ. ಅಕ್ಕತಂಗಿಯರು ಅಳುತ್ತಿದ್ದದ್ದು ಸಾವಿಗಷ್ಟೇ ಅಲ್ಲ, ದೀಕ್ಷಾಸ್ನಾನ ಆಗಲಿಲ್ಲವಲ್ಲ ಅಂತ. ಆಂಬ್ರೋಸ್ ಅವನ ಅಂತ್ಯಕ್ರಿಯೆಯ ಪ್ರಸಂಗದಲ್ಲಿ ಹೇಳಿದ್ದರ ಸಾರ ಇಷ್ಟು: ಅವನು ಬಯಸಿದ, ಕೇಳಿದ, ಕೇಳಿದ್ದು ಅವನಿಗೆ ಸಿಕ್ಕಿದೆ. ದೊಡ್ಡಮ್ಮನಿಗೆ ಇದನ್ನು ಓದಿ ಹೇಳಿ.

ದೇವರು ರಕ್ಷಣೆಯನ್ನು ದೀಕ್ಷಾಸ್ನಾನಕ್ಕೆ ಕಟ್ಟಿದ್ದಾರೆ, ಆದರೆ ತಾವೇ ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ ಅಂತ 1992ರ ಕಥೋಲಿಕ ಧರ್ಮೋಪದೇಶದಲ್ಲೂ ಇದೆ. ಇನ್ನು ಸಮಾಧಿಯ ವಿಷಯ. ನಮ್ಮ ಕ್ಯಾನನ್ ಕಾನೂನಿನ 1183ನೇ ನಿಯಮ ನೋಡಿ. ದೀಕ್ಷೆಗೆ ಸಿದ್ಧವಾಗ್ತಿದ್ದವರು ಸತ್ತರೆ ಅಂತ್ಯಕ್ರಿಯೆಯ ಮಟ್ಟಿಗೆ ಅವರನ್ನು ಕ್ರೈಸ್ತರ ಲೆಕ್ಕದಲ್ಲೇ ಇಡಬೇಕು. ನಮ್ಮಲ್ಲಾಗಿದ್ದರೆ ನಿಮ್ಮ ದೊಡ್ಡಪ್ಪ ಹೊಲದಲ್ಲಿ ಇರುತ್ತಿರಲಿಲ್ಲ.

ಕೋಲಾರದ ಬ್ರದರ್:
ಚಕ್ರವರ್ತಿ ಕಥೆ ಚೆನ್ನಾಗಿದೆ. ಆದರೆ ‘ಬಯಕೆಯ ದೀಕ್ಷಾಸ್ನಾನ’ ಸತ್ಯವೇದದಲ್ಲಿ ಎಲ್ಲಿದೆ? ಯೇಸುವಿನ ಪಕ್ಕದ ಶಿಲುಬೆಯಲ್ಲಿ ಸತ್ತು, ದೀಕ್ಷಾಸ್ನಾನ ಇಲ್ಲದೆಯೇ ಪರದೈಸು ಪಡೆದ ಕಳ್ಳನನ್ನು ತರಬೇಡಿ. ಅವನು ಸತ್ತದ್ದು, ದೀಕ್ಷಾಸ್ನಾನ ಮಾಡಿಸಿ ಅನ್ನೋ ಮತ್ತಾಯ 28:19ರ ಆಜ್ಞೆ ಬರೋಕೆ ಮೊದಲು.

ಸಪ್ತಾಪುರದವ:
ಕಳ್ಳನನ್ನು ನಾನು ತರಲೇ ಇಲ್ಲ ಬ್ರದರ್. ಕೊರ್ನೇಲ್ಯನನ್ನು ತಂದೆ. ಅವನು ಪಂಚಾಶತ್ತಮದ ನಂತರದವನು. ಪವಿತ್ರಾತ್ಮ ಇಳಿದು, ನೀರು ತರೋಕೆ ಹೋದವನು ವಾಪಸ್ ಬರುವಷ್ಟರಲ್ಲಿ ಕೊರ್ನೇಲ್ಯ ಸತ್ತಿದ್ದರೆ? ಇದಕ್ಕೆ ಉತ್ತರ ಕೊಡಿ.

ನೈಟ್‌ಡ್ಯೂಟಿ:
ನೀವು ಅಪ್ಪಂದಿರು ಅಧ್ಯಾಯ ವಚನ ಅಂತ ಕಿತ್ತಾಡ್ತಿದ್ದೀರಿ. ನಾನು ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನರ್ಸ್. ನನ್ನ ಕೈಯಾರೆ ದೀಕ್ಷಾಸ್ನಾನ ಕೊಟ್ಟಿದ್ದೇನೆ.

ತಿಂಗಳು ತುಂಬದೆ ಹುಟ್ಟಿದ ಮಗು. ರಾತ್ರಿ ಎರಡರ ಮೇಲೆ ಆಕ್ಸಿಜನ್ ಇಳಿಯುತ್ತಾ ಬಂತು. ತಾಯಿ ವಾರ್ಡಿನಲ್ಲಿ, ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಳೆ, ಏಳೋಕಾಗಲ್ಲ. ‘ಫಾದರ್ ಬರೋವರೆಗೂ ಉಳಿಯುತ್ತಾ ಸಿಸ್ಟರ್? ಇಲ್ಲ ಅಂದ್ರೆ ನೀವೇ ಕೊಡಿ’ ಅಂದಳು. ಜೀವಕ್ಕೆ ಅಪಾಯ ಇದ್ದಾಗ ಯಾರು ಬೇಕಾದರೂ ಕೊಡಬಹುದು ಅಂತ ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಕ್ರೈಸ್ತರೇ ಆಗಿರಬೇಕು ಅಂತಲೂ ಇಲ್ಲ. ಸಭೆ ಮಾಡುವುದನ್ನೇ ಮಾಡುವ ಮನಸ್ಸು ಇದ್ದರೆ ಸಾಕು.

ಮಗುವಿನ ತಲೆಗೆ ಟೋಪಿ, ಬಾಯಿಗೆ ಟ್ಯೂಬ್, ಕೆನ್ನೆ ತುಂಬ ಪ್ಲಾಸ್ಟರ್. ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರು ಹರಿಯಬೇಕು. ಸೂಜಿ ತೆಗೆದ ಸಿರಿಂಜಿಗೆ ಬೆಚ್ಚಗಿನ ಸ್ಟೆರೈಲ್ ವಾಟರ್ ಎಳೆದುಕೊಂಡೆ. ಟೋಪಿ ಸ್ವಲ್ಪ ಸರಿಸಿ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕೈದು ಹನಿ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ. ಕೂಡಲೇ ಗಾಜ್‌ನಿಂದ ಒರೆಸಿದೆ, ಮೈ ತಣ್ಣಗಾಗಬಾರದಲ್ಲ. ಕೇಸ್ ಶೀಟಿನಲ್ಲಿ ಅದನ್ನೆಲ್ಲ ಬರೆಯೋಕೆ ಕಾಲಂ ಇರಲ್ಲ. ಬೆಳಗ್ಗೆ ಫಾದರ್ ಬಂದು ಹೆಸರು ಬರೆದುಕೊಂಡು ಹೋದರು.

ಪಕ್ಕದ ವಾರ್ಮರ್‌ನಲ್ಲಿ ಇನ್ನೊಂದು ಮಗು ಇತ್ತು. ಅದರ ತಾಯಿಗೆ ಇದೆಲ್ಲ ಗೊತ್ತೇ ಇಲ್ಲ. ಅದೂ ಅದೇ ವಾರ ಹೋಯಿತು. ನೀರಿಲ್ಲದೆ ರಕ್ಷಣೆ ಇಲ್ಲ ಅನ್ನೋರು ಆ ಎರಡು ವಾರ್ಮರ್‌ಗಳ ನಡುವೆ ಬಂದು ನಿಂತು ಹೇಳಿ ನೋಡೋಣ.

ಹಳೇಕಡತ:
ನೈಟ್‌ಡ್ಯೂಟಿ ಅಕ್ಕ, ನಿಮ್ಮ ಪ್ರಶ್ನೆಗೆ ಸಭೆ ಬಹಳ ಕಾಲ ಒದ್ದಾಡಿದೆ. ದೀಕ್ಷಾಸ್ನಾನ ಆಗದೆ ಸತ್ತ ಶಿಶುಗಳಿಗೂ ಶಿಕ್ಷೆಯೇ, ಆದರೆ ಎಲ್ಲಕ್ಕಿಂತ ಸೌಮ್ಯವಾದದ್ದು ಅಂತ ಪ್ರಾಚೀನ ಸಭೆಯ ದೊಡ್ಡ ದೇವಶಾಸ್ತ್ರಜ್ಞ ಆಗಸ್ಟಿನ್ ಹೇಳಿದರು. ಮಧ್ಯಯುಗದವರಿಗೆ ಅದು ನುಂಗಲಾರದ ತುತ್ತಾಯಿತು. ಅದಕ್ಕೆ ‘ಲಿಂಬೊ’ ಅನ್ನೋ ಜಾಗ ಹುಟ್ಟಿತು: ನೋವಿಲ್ಲ, ದೇವದರ್ಶನವೂ ಇಲ್ಲ. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಅಂಥ ಶಿಶುಗಳ ರಕ್ಷಣೆಗಾಗಿ ನಿರೀಕ್ಷಿಸೋಕೆ ಗಟ್ಟಿ ಕಾರಣಗಳಿವೆ ಅಂತ ಬರೆಯಿತು. ಖಚಿತವಾಗಿ ಗೊತ್ತು ಅಂತ ಹೇಳಲಿಲ್ಲ. ನನಗೆ ಆ ಸಂಕೋಚವೇ ಇಷ್ಟ.

ತಮಾಷೆ ಅಂದ್ರೆ ಆಗಸ್ಟಿನ್‌ಗೇ ಚಿಕ್ಕಂದಿನಲ್ಲಿ ಆಗಿರಲಿಲ್ಲ. ಕಾಯಿಲೆ ಬಿದ್ದಾಗ ಇನ್ನೇನು ಕೊಡಬೇಕು ಅನ್ನುವಷ್ಟರಲ್ಲಿ ಹುಡುಗ ಚೇತರಿಸಿಕೊಂಡ, ತಾಯಿ ಮುಂದೂಡಿದಳು. 387ರ ಈಸ್ಟರ್‌ಗೆ, ಮೂವತ್ತು ದಾಟಿದ ಮೇಲೆ, ಇದೇ ಆಂಬ್ರೋಸರ ಕೈಯಲ್ಲಿ ತಗೊಂಡರು. ಚಕ್ರವರ್ತಿ ಕಾನ್‌ಸ್ಟಂಟೈನ್ ತಗೊಂಡದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಆಗ ಮುಂದೂಡುತ್ತಿದ್ದದ್ದು ದೀಕ್ಷಾಸ್ನಾನ ಹಗುರ ಅಂತಲ್ಲ. ತುಂಬ ಭಾರ ಅಂತ. ಒಂದೇ ಸಲ ಸಿಗೋ ತೊಳೆತ, ಆಮೇಲೆ ಪಾಪ ಮಾಡಿದರೆ ಏನು ಗತಿ ಅನ್ನೋ ಭಯ. ಹಾಗಾಗಿ ದೊಡ್ಡಪ್ಪನವರು ಮುಂದೂಡಿದ್ದು ಹೊಸದೇನೂ ಅಲ್ಲ.

ಬ್ರದರ್ ‘ಮುಳುಗಬೇಕು’ ಅಂತ ಇನ್ನೂ ಶುರು ಮಾಡಿಲ್ಲ, ಮಾಡ್ತಾರೆ. ಮೊದಲೇ ಹೇಳಿಬಿಡ್ತೇನೆ. ‘ಡಿಡಾಖೆ’ ಅನ್ನೋ ತುಂಬ ಹಳೆಯ ಕ್ರೈಸ್ತ ಕೈಪಿಡಿಯಲ್ಲಿ ಹರಿಯುವ ನೀರು ಉತ್ತಮ, ಇಲ್ಲದಿದ್ದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಯಾವುದೂ ಸಾಕಷ್ಟಿಲ್ಲದಿದ್ದರೆ ತಲೆ ಮೇಲೆ ಮೂರು ಸಲ ಸುರಿಯಿರಿ ಅಂತಿದೆ.

ಕೋಲಾರದ ಬ್ರದರ್:
ಹಹ್ಹಾ, ಕೋಲಾರದವನಿಗೆ ನೀರಿನ ಕಷ್ಟ ಹೇಳಿಕೊಡ್ತೀರಾ! ಮೊದಲು ಕೆರೆಗೆ ಹೋಗ್ತಿದ್ದೆವು. ಕೆರೆ ಬತ್ತಿದ ವರ್ಷ ಸಭೆಯ ಹಿಂದೆ ಸಿಮೆಂಟ್ ತೊಟ್ಟಿ ಕಟ್ಟಿಸಿದೆವು, ಇಳಿಯೋಕೆ ಮೆಟ್ಟಿಲು ಇಟ್ಟು. ಟ್ಯಾಂಕರ್ ಬಂದರೆ ದೀಕ್ಷಾಸ್ನಾನ. ಒಂದು ಸಲ ಟ್ಯಾಂಕರ್‌ನವನು ಕೈಕೊಟ್ಟ. ಬಿಳಿ ಬಟ್ಟೆ ಹಾಕಿಕೊಂಡವರೆಲ್ಲ ಮಧ್ಯಾಹ್ನದವರೆಗೂ ಹಾಡು ಹೇಳ್ತಾ ಕೂತಿದ್ದರು.

ಸಪ್ತಾಪುರದ ಸರ್ ಪ್ರಶ್ನೆಗೆ ಉತ್ತರ ಕೊಡ್ತೇನೆ. ನಮ್ಮಲ್ಲಿ ಒಬ್ಬ ಬ್ರದರ್‌ಗೆ ಡಯಾಲಿಸಿಸ್ ಇತ್ತು. ಕತ್ತಿನ ಹತ್ತಿರ ಟ್ಯೂಬ್ ಹಾಕಿದ್ದರು, ಅದು ಒದ್ದೆ ಆಗಬಾರದು ಅಂತ ಡಾಕ್ಟರ್ ಹೇಳಿದ್ದರು. ಟ್ಯೂಬ್ ತೆಗೆದ ಮೇಲೆ ಮುಳುಗಿಸೋಣ ಅಂತ ಇದ್ದೆವು. ತೆಗೆಯೋ ದಿನ ಬರಲಿಲ್ಲ. ಅವರ ಸಮಾಧಿ ಹತ್ತಿರ ನಮ್ಮ ಪಾಸ್ಟರ್ ‘ಈ ಸಹೋದರ ಕರ್ತನ ಬಳಿಯಲ್ಲಿದ್ದಾನೆ’ ಅಂದರು. ಯಾರೂ ಎದುರು ಮಾತಾಡಲಿಲ್ಲ. ನಾನೂ ಆಮೆನ್ ಅಂದೆ. ಕೊರ್ನೇಲ್ಯ ಸತ್ತಿದ್ದರೂ ಅದನ್ನೇ ಹೇಳ್ತೇನೆ. ಆದರೆ ಆಗದೇ ಇದ್ದವರ ವಿಷಯ ಬೇರೆ, ಆಗುತ್ತಿದ್ದರೂ ಮಾಡದವರ ವಿಷಯ ಬೇರೆ. ಅದನ್ನು ಬಿಟ್ಟುಕೊಡಲ್ಲ.

ಹೊಸಿಲಾಚೆ:
ಬ್ರದರ್ ಹೇಳಿದ ‘ಆಗುತ್ತಿದ್ದರೂ ಮಾಡದವನು’ ನಾನೇ. ಯೇಸುವನ್ನು ಬಿಟ್ಟು ಬೇರೆಯವರಿಗೆ ಪ್ರಾರ್ಥನೆ ಮಾಡಿ ಎಷ್ಟೋ ಕಾಲವಾಯಿತು. ದೀಕ್ಷಾಸ್ನಾನ ತಗೊಂಡಿಲ್ಲ.

ನನ್ನ ತಕರಾರು ನೀರಿನ ಮೇಲಲ್ಲ. ಈ ದೇಶದಲ್ಲಿ ಆ ನೀರು ದೇವರ ಮುಂದೆ ಒಂದು ಅರ್ಥ ಕೊಟ್ಟರೆ ಊರಿನ ಮುಂದೆ ಇನ್ನೊಂದು ಅರ್ಥ ಕೊಡುತ್ತೆ, ತಾಲ್ಲೂಕು ಆಫೀಸಿನಲ್ಲಿ ಮತ್ತೊಂದು. ನನ್ನ ಗೆಳೆಯ ಪರಿಶಿಷ್ಟ ಜಾತಿಯವನು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದರೆ ಆ ಸ್ಥಾನ ಹೋಗುತ್ತೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸೇರಿಸಿದರು, ಕ್ರೈಸ್ತರಿಗೆ ಇಲ್ಲ. ಅವನ ಮಗಳ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ ಎಲ್ಲ ಅದರ ಮೇಲಿದೆ. ‘ಆಗುತ್ತಿದ್ದರೂ ಮಾಡದವನು’ ಅಂತ ಅವನಿಗೆ ಹೇಳೋಕೆ ಬಾಯಿ ಬರುತ್ತಾ?

ನನ್ನ ಕಾರಣ ಅಷ್ಟು ದೊಡ್ಡದಲ್ಲ. ಮನೆಯಲ್ಲಿ ತಾಯಿ ಇದ್ದಾರೆ, ಅಷ್ಟೇ. ದೊಡ್ಡಪ್ಪನವರ ಕಥೆ ಓದಿ ನಿದ್ದೆ ಬರಲಿಲ್ಲ.

ಹಳೇಕಡತ:
ಈ ಜಗಳ ನಮ್ಮ ಬೆಂಗಳೂರಿನಿಂದಲೂ ನಡೆದಿದೆ. ಇಲ್ಲಿನ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯಲ್ಲಿದ್ದ ಎಂ. ಎಂ. ಥಾಮಸ್, ಹಿಂದೂ ಸಮಾಜದ ಒಳಗೇ ಉಳಿದು, ದೀಕ್ಷಾಸ್ನಾನವಿಲ್ಲದೆ ಕ್ರಿಸ್ತನನ್ನು ಹಿಂಬಾಲಿಸುವವರನ್ನೂ ಕ್ರಿಸ್ತನ ಬಳಗ ಅಂತ ಒಪ್ಪಬೇಕು ಅಂದರು. ಸಿಎಸ್‌ಐ ಬಿಷಪ್ ಲೆಸ್ಲಿ ನ್ಯೂಬಿಗಿನ್ ಒಪ್ಪಲಿಲ್ಲ. ಕಣ್ಣಿಗೆ ಕಾಣುವ ಒಂದು ಸಮುದಾಯಕ್ಕೆ ಸೇರದೆ ಹಿಂಬಾಲಿಸೋದು ಪೂರ್ತಿ ಆಗಲ್ಲ ಅಂತ ಅವರ ವಾದ. 1970ರ ದಶಕದ ಮಾತು. ಇಬ್ಬರೂ ದೊಡ್ಡವರು, ಇಬ್ಬರೂ ಸೋಲಲಿಲ್ಲ. ಆಮೇಲೆ ಚೆನ್ನೈನಲ್ಲಿ ದೇವಶಾಸ್ತ್ರ ಕಲಿಸುತ್ತಿದ್ದ ಹರ್ಬರ್ಟ್ ಹೋಫರ್ ನಿಮ್ಮಂಥವರನ್ನು ಹುಡುಕಿಕೊಂಡು ಹೋಗಿ ಅಧ್ಯಯನ ಮಾಡಿದರು. ನೀವು ಒಬ್ಬರೇ ಅಲ್ಲ.

ಸಪ್ತಾಪುರದವ:
ಹೊಸಿಲಾಚೆ ಅಣ್ಣ, ನಿಮಗೆ ರಕ್ಷಣೆ ಇಲ್ಲ ಅಂತ ನಾನು ಹೇಳಲ್ಲ. ಆದರೆ ನ್ಯೂಬಿಗಿನ್ ಕಡೆಗೇ ನನ್ನ ಓಟು.

ನಮ್ಮ ಹಿರಿಯರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ. 1844ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಮೋಗ್ಲಿಂಗ್ ಅವರಿಂದ ದೀಕ್ಷಾಸ್ನಾನ ತಗೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ಜಾತಿ ಹೋಯಿತು, ಮನೆ ಹೋಯಿತು, ಕೈಹಿಡಿದ ಹೆಂಡತಿಯಿಂದಲೂ ದೂರವಾದರು. ಆಮೇಲೆ ಅವರು ಕೊಡಗಿನಲ್ಲಿ ಆನಂದಪುರ ಅನ್ನೋ ಊರು ಕಟ್ಟಿ, ಹೊಲೆಯರ ಜೊತೆ ನಿಂತರು. ಮನಸ್ಸಿನಲ್ಲೇ ನಂಬಿಕೊಂಡು ಅಗ್ರಹಾರದಲ್ಲೇ ಇದ್ದಿದ್ದರೆ ಅವರಿಗೂ ರಕ್ಷಣೆ ಸಿಗುತ್ತಿತ್ತೇನೋ. ಆ ಊರು ಮಾತ್ರ ಆಗುತ್ತಿರಲಿಲ್ಲ. ರಕ್ಷಣೆ ಅಂದರೆ ಸತ್ತ ಮೇಲೆ ಎಲ್ಲಿಗೆ ಹೋಗ್ತೀವಿ ಅನ್ನೋದಷ್ಟೇ ಆದರೆ ದೀಕ್ಷಾಸ್ನಾನ ನಿಜವಾಗಲೂ ಯಾತಕ್ಕೂ ಬೇಡ. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲ ಹೇಳೋದು ಸತ್ತು ಹೊಸದಾಗಿ ಬದುಕೋದರ ಬಗ್ಗೆ. ಅದು ಇಲ್ಲೇ, ಜನರ ಕಣ್ಣೆದುರಿಗೆ ಆಗಬೇಕಾದ್ದು.

ನಿರ್ವಾಹಕರು:
ಮೀಸಲಾತಿ, ಮತಾಂತರ ಕಾಯ್ದೆ ಬಗ್ಗೆ ಬಂದ ಏಳೆಂಟು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಲಾಗಿದೆ. ಯಾವ ಸಭೆ, ಯಾವ ಕಮಿಟಿ ಅಂತ ಹೆಸರು ಕೇಳಬೇಡಿ.

ಟೆಕ್ಸಸ್ ಮಾವ:
ಇಲ್ಲಿ ನಮ್ಮ ಬೀದಿಯಲ್ಲೇ ಒಂದು ಚರ್ಚ್ ಆಫ್ ಕ್ರೈಸ್ಟ್ ಇದೆ. ಅ.ಕೃ. 2:38 ಅವರ ಜೀವಾಳ. ನೀರಿಗೆ ಇಳಿದಾಗಲೇ ಪಾಪಪರಿಹಾರ, ಅದಕ್ಕೆ ಮೊದಲಲ್ಲ ಅಂತಾರೆ. ಸ್ವಲ್ಪ ಮುಂದೆ ಹೋದರೆ ಸಾಲ್ವೇಶನ್ ಆರ್ಮಿ. ಅವರು 1883ರಿಂದ ದೀಕ್ಷಾಸ್ನಾನ, ಕರ್ತನ ಭೋಜನ ಎರಡನ್ನೂ ಬಿಟ್ಟಿದ್ದಾರೆ. ಊರಲ್ಲಿ ಪ್ರವಾಹ ಬಂದಾಗ ಇಬ್ಬರೂ ಒಟ್ಟಿಗೆ ಸೂಪ್ ಹಂಚುತ್ತಿದ್ದರು. ಸುಮ್ನೆ ಹೇಳಿದೆ.

ಮಲ್ಲಿಗೆಬಳ್ಳಿ:
ಎಲ್ಲರಿಗೂ ಥ್ಯಾಂಕ್ಸ್. ಆಂಬ್ರೋಸರ ಭಾಗವನ್ನು ದೊಡ್ಡಮ್ಮನಿಗೆ ಎರಡು ಸಲ ಓದಿದೆ. ‘ಆ ಹುಡುಗನ ಹೆಸರೇನಂದೆ?’ ಅಂತ ಕೇಳಿ, ಬರೆದುಕೊಡು ಅಂದರು.

ಇನ್ನೆರಡು ಪ್ರಶ್ನೆ. ಕಮಿಟಿಯವರ ಈ ‘ರಿಜಿಸ್ಟರ್’ ನಿಯಮ ಎಲ್ಲಿಂದ ಬಂತು? ಮತ್ತೆ, ದೊಡ್ಡಪ್ಪನ ಮೊಮ್ಮಗನಿಗೆ ಮುಂದಿನ ತಿಂಗಳು ದೀಕ್ಷಾಸ್ನಾನ ಅಂತ ಇತ್ತು. ಈಗ ನನ್ನ ತಂಗಿಯ ಗಂಡ ‘ಬೆಳೆದ ಮೇಲೆ ಅವನೇ ತಗೊಳ್ಳಲಿ, ಈಗ ಬರೀ ಮಗುವನ್ನು ದೇವರಿಗೆ ಒಪ್ಪಿಸೋ ಪ್ರತಿಷ್ಠೆ ಪ್ರಾರ್ಥನೆ ಮಾಡಿಸೋಣ’ ಅಂತಿದ್ದಾರೆ. ತಂಗಿಗೆ ಭಯ, ಅಪ್ಪನಿಗೆ ಆದ ಹಾಗೇ ಆದರೆ ಅಂತ.

ಸಪ್ತಾಪುರದವ:
ಮೊದಲನೆಯದಕ್ಕೆ: 1662ರ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದಲ್ಲಿ ಸಮಾಧಿ ಆರಾಧನೆಯ ತಲೆಯಲ್ಲೇ ಒಂದು ಸೂಚನೆ ಇತ್ತು. ದೀಕ್ಷಾಸ್ನಾನ ಆಗದವರು, ಸಭೆಯಿಂದ ಹೊರಹಾಕಲ್ಪಟ್ಟವರು, ಆತ್ಮಹತ್ಯೆ ಮಾಡಿಕೊಂಡವರು, ಈ ಮೂವರಿಗೆ ಇದನ್ನು ಬಳಸಬೇಡಿ ಅಂತ. ಸಿಎಸ್‌ಐ 1947ರಲ್ಲಿ ಹುಟ್ಟಿದಾಗ ಒಳಗೆ ಬಂದ ಸಭೆಗಳಲ್ಲಿ ಆ ಪುಸ್ತಕದ ಪರಂಪರೆಯ ಆಂಗ್ಲಿಕನ್ನರೂ ಇದ್ದರು. ಪುಸ್ತಕ ಬದಲಾದರೂ ಕಮಿಟಿಗಳ ಅಭ್ಯಾಸ ಬೇಗ ಬದಲಾಗಲ್ಲ. ನಿಮ್ಮ ಡಯೋಸಿಸ್ ಬಿಷಪ್‌ಗೆ ಒಂದು ಪತ್ರ ಬರೆಯಿರಿ. ಈಸ್ಟರ್‌ಗೆ ದಿನ ಗೊತ್ತಾಗಿತ್ತು ಅನ್ನೋದನ್ನು ಮರೆಯದೆ ಬರೆಯಿರಿ. ಕಮಿಟಿ ಜೊತೆ ಜಗಳ ಬೇಡ.

ಎರಡನೆಯದಕ್ಕೆ: ಭಯದಿಂದ ಕೊಡಿಸಬೇಡಿ, ಭಯದಿಂದ ಮುಂದೂಡಲೂ ಬೇಡಿ. 1970ರಲ್ಲಿ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ) ಆದಾಗ, ನಂಬಿದ ಮೇಲಷ್ಟೇ ದೀಕ್ಷಾಸ್ನಾನ ಅನ್ನೋ ಬ್ಯಾಪ್ಟಿಸ್ಟರೂ ಒಳಗಿದ್ದರು. ಅಲ್ಲಿ ಎರಡೂ ದಾರಿಗೆ ಜಾಗ ಇದೆ. ಮಗುವಿಗೇ ದೀಕ್ಷಾಸ್ನಾನ ಕೊಟ್ಟು ಬೆಳೆದ ಮೇಲೆ ದೃಢೀಕರಣ, ಇಲ್ಲವೇ ಈಗ ಪ್ರತಿಷ್ಠೆ ಮಾಡಿ ನಂಬಿದ ಮೇಲೆ ದೀಕ್ಷಾಸ್ನಾನ. ನಾನಾದರೆ ಈಗಲೇ ಕೊಡಿಸ್ತೇನೆ, ಕೃಪೆ ಮೊದಲು ಬರುತ್ತೆ ಅಂತ. ಗಂಡ ಹೆಂಡತಿ ಇಬ್ಬರೂ ಕೂತು ಸಭಾಪಾಲಕರ ಹತ್ತಿರ ಮಾತಾಡಲಿ. ಆದರೆ ಒಂದು ಸಲ ಕೊಟ್ಟ ಮೇಲೆ ಎರಡನೇ ಸಲ ಇಲ್ಲ, ಅದನ್ನು ಮೊದಲೇ ತಿಳಿದಿರಲಿ.

ಕೋಲಾರದ ಬ್ರದರ್:
ಉಳಿದದ್ದಕ್ಕೆಲ್ಲ ಸುಮ್ಮನಿದ್ದೆ. ಇದಕ್ಕೆ ಸುಮ್ಮನಿರಲ್ಲ. ಮಗುವಿನ ತಲೆಗೆ ನೀರು ಹಾಕಿದ್ದು ದೀಕ್ಷಾಸ್ನಾನವೇ ಅಲ್ಲ ಅನ್ನೋರಿಗೆ ಬೆಳೆದ ಮೇಲೆ ತಗೊಳ್ಳೋದು ಮೊದಲನೇ ಸಲ, ಎರಡನೇದಲ್ಲ.

ಹಳೇಕಡತ:
1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಫೆಲಿಕ್ಸ್ ಮಾಂಟ್ಜ್ ಮನೆಯಲ್ಲಿ ಸೇರಿದವರು ಅಕ್ಷರಶಃ ಇದನ್ನೇ ಹೇಳಿದ್ದು ಬ್ರದರ್. ಎರಡು ವರ್ಷಕ್ಕೆ, 1527ರ ಜನವರಿ 5ರಂದು, ಅಲ್ಲಿನ ಪ್ರೊಟೆಸ್ಟಂಟ್ ನಗರಸಭೆ ಮಾಂಟ್ಜ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ನಾವು ಇಲ್ಲಿ ಟೈಪ್ ಮಾಡಿ ಮುಗಿಸ್ತಿದ್ದೀವಿ, ಅದೇ ಪುಣ್ಯ.

ನೈಟ್‌ಡ್ಯೂಟಿ:
ಮಲ್ಲಿಗೆಬಳ್ಳಿ, ತಂಗಿಗೆ ಹೇಳಿ: ಯಾವಾಗ ಕೊಡಿಸಬೇಕು ಅಂತ ಅವರಿಬ್ಬರೂ ನಿಧಾನವಾಗಿ ತೀರ್ಮಾನ ಮಾಡಲಿ. ಅಷ್ಟರಲ್ಲಿ ಏನಾದರೂ ಆದರೆ ಅನ್ನೋ ಹೆದರಿಕೆ ಇದ್ದರೆ ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’ ದೀಕ್ಷಾಸ್ನಾನ ಕೊಡೋ ಆ ಒಂದು ಸಾಲನ್ನು ಕಲಿತಿಟ್ಟುಕೊಳ್ಳಲಿ, ಮನೆ ನೀರೇ ಸಾಕು. ದೊಡ್ಡಮ್ಮ ಊಟ ಮಾಡ್ತಿದ್ದಾರಾ?

ಮಲ್ಲಿಗೆಬಳ್ಳಿ:
ನಿನ್ನೆ ರಾತ್ರಿ ಒಂದು ಮುದ್ದೆ ಪೂರ್ತಿ ತಿಂದರು ಅಕ್ಕ. ಬಿಷಪ್‌ಗೆ ಬರೆಯೋ ಪತ್ರವನ್ನು ತಾವೇ ಹೇಳಿ ಬರೆಸುತ್ತಾರಂತೆ.